ಹೆಗಲ ಮೇಲಿನ ನಾಲ್ಕು ಬೆರಳು

ಗೆನಾಳನ್ನು ಕೊಂದವಳು ನಾನು ಎಂದು ನಮ್ಮೂರಿನಲ್ಲಿ ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಬೇರೆ ಕೆಲಸವಿಲ್ಲದ ಜನ. ಆದರೆ ನಡೆದದ್ದನ್ನು ನಾನೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಬೆಂಚಿನ ಮೇಲೆ ಕೂರುವ ಮುದುಕರು ದಿನಕ್ಕೊಂದು ಬಾಲ ಸೇರಿಸುತ್ತಾರೆ.

ನನ್ನ ಹೆಸರು ಡೋಬ್ರಿನಾ. ಡಾನ್ಯೂಬ್ ನದಿಯ ದಂಡೆಯ ಮೇಲಿರುವ ದೋಲ್ನಿ ಬ್ರೋದ್ ಎಂಬ ಊರಿನ ವಾಚನಾಲಯಕ್ಕೆ ನಾನು ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಬೀಗ ತೆಗೆಯುವವಳು, ಕಸ ಗುಡಿಸುವವಳು, ಮೇಯರ್ ಬಂದಾಗ ಕಾಫಿ ಮಾಡುವವಳು, ಎಲ್ಲ ನಾನೇ. ಗೆನಾ ನನಗೆ ಶಾಲೆಯ ದಿನಗಳಿಂದ ಗೆಳತಿ. ಇದು ನಡೆದಾಗ ಇಬ್ಬರಿಗೂ ಅರವತ್ತನಾಲ್ಕು.

ಅವಳ ಅಂಗಡಿ ಅಂಚೆ ಕಚೇರಿಯ ಪಕ್ಕದ ಒಂಟಿ ಕೋಣೆ. ಒಂದು ಕಂಪ್ಯೂಟರು, ಒಂದು ಸ್ಕ್ಯಾನರು, ಕಿಟಕಿಯಲ್ಲಿ ಒಂದು ಹೂವಿನ ಕುಂಡ. ಅವಳ ಕೆಲಸ ಸಾವಿನ ಹಾಳೆ ಮಾಡುವುದು. ನಮ್ಮ ಬಲ್ಗೇರಿಯಾದಲ್ಲಿ ಯಾರಾದರೂ ತೀರಿಕೊಂಡರೆ ಹಾಳೆ ಅಂಟಿಸುತ್ತೇವೆ: ಮನೆಯ ಗೇಟಿಗೆ, ಬಸ್ ನಿಲ್ದಾಣಕ್ಕೆ, ಕರೆಂಟ್ ಕಂಬಕ್ಕೆ, ಬೇಕರಿ ಎದುರಿನ ಹಲಗೆಗೆ. ಸುತ್ತ ಕಪ್ಪು ಅಂಚು, ನಡುವೆ ಮುಖ, ಕೆಳಗೆ ಎರಡು ಇಸವಿ, ಅದರ ಕೆಳಗೆ ದುಃಖತಪ್ತರ ಹೆಸರು. ನಲವತ್ತು ದಿನಕ್ಕೆ ಇನ್ನೊಂದು, ಆರು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷ ವರ್ಷ. ನಮ್ಮ ಬೀದಿಗಳಲ್ಲಿ ಈಗ ಬದುಕಿರುವವರಿಗಿಂತ ಸತ್ತವರ ಮುಖಗಳೇ ಹೆಚ್ಚು.

ಜನ ಅವಳ ಕೈಗೆ ತಂದುಕೊಡುವ ಫೋಟೋಗಳೋ, ದೇವರಿಗೇ ಪ್ರೀತಿ. ಬದುಕಿಡೀ ಒಂದು ಒಳ್ಳೆಯ ಫೋಟೋ ತೆಗೆಸಿಕೊಳ್ಳದವರು; ಸತ್ತ ಮೇಲೆ ಯಾರದೋ ಮದುವೆಯ ಗುಂಪಿನಿಂದ ಅವರನ್ನು ಕತ್ತರಿಸಿ ತೆಗೆಯಬೇಕು. ಗೆನಾ ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಅರೆಮುಚ್ಚಿದ ಕಣ್ಣು ತೆರೆಸುತ್ತಾಳೆ, ಟೈ ಇಲ್ಲದವನಿಗೆ ಟೈ ಕಟ್ಟುತ್ತಾಳೆ. ಗುಂಪಿನಿಂದ ಕತ್ತರಿಸಿದಾಗ ಸತ್ತವರ ಹೆಗಲ ಮೇಲೆ ಯಾರದೋ ಕೈ ಉಳಿದುಬಿಡುತ್ತದೆ. ಅದನ್ನೂ ಚುಕ್ಕಿ ಚುಕ್ಕಿಯಾಗಿ ಅಳಿಸಿ ಕೋಟಿನ ಬಟ್ಟೆ ತುಂಬುತ್ತಾಳೆ.

"ಇರಲಿ ಬಿಡೇ, ಒಂದು ಕೈ ತಾನೆ," ಎಂದು ಒಮ್ಮೆ ಅಂದಿದ್ದೆ.

"ಊಹೂಂ. ಹೋಗೋರು ಒಬ್ರೇ ಹೋಗ್ತಾರೆ. ಹಾಳೆ ಮೇಲೂ ಒಬ್ರೇ ಇರ್ಬೇಕು."

ಅವಳೂ ಒಬ್ಬಳೇ. ಗಂಡ ನದಿಯಲ್ಲಿ ದೋಣಿಯ ಮೇಲೆ ಸರಕು ಸಾಗಿಸುವವನು, ಐವತ್ತಕ್ಕೇ ಹೋದ. ಮಕ್ಕಳಿಲ್ಲ. ಬೆಳಗ್ಗೆ ಕಂಪ್ಯೂಟರ್ ಹಚ್ಚಿ ಪರದೆಯ ಮೇಲಿನ ಮುಖಕ್ಕೆ ನಮಸ್ಕಾರ ಹೇಳುತ್ತಾಳೆ, ಸಂಜೆ ಹೋಗಿ ಬರುತ್ತೇನೆ ಎನ್ನುತ್ತಾಳೆ. ಶರತ್ಕಾಲದಲ್ಲಿ ಅಂಗಳದಲ್ಲಿ ಕೆಂಪು ದೊಣ್ಣೆಮೆಣಸು ಸುಟ್ಟರೆ ನಮ್ಮ ಕಡೆ ಅಕ್ಕಪಕ್ಕದವರು ಬ್ರೆಡ್ಡು ಹಿಡಿದುಕೊಂಡೇ ಬರುತ್ತಾರೆ. ಅವಳ ಗೇಟಿಗೆ ಯಾರೂ ಬರುವುದಿಲ್ಲ. ಸಾವಿನ ಹಾಳೆ ಮಾಡುವವಳ ಮನೆಗೆ ಕಾರಣವಿಲ್ಲದೆ ಹೋಗಬಾರದು ಎಂಬುದು ನಮ್ಮೂರ ಹೆಂಗಸರ ಲೆಕ್ಕ. ಅವರ ಲೆಕ್ಕಕ್ಕಿಷ್ಟು ಬೆಂಕಿ ಹಾಕ.

ಅವಳಿಗೊಬ್ಬ ತಂಗಿ ಇದ್ದಾಳೆ, ಸೆವ್ದಾ. ಮೂರು ವರ್ಷ ಚಿಕ್ಕವಳು. ಇರುವುದು ಇದೇ ಊರಿನಲ್ಲಿ, ಮೂರು ಬೀದಿ ಆಚೆ. ಬೇಕರಿಯ ಕಿಟಕಿಯಲ್ಲಿ ನಿಂತು ಬ್ರೆಡ್ಡು ಮಾರುತ್ತಾಳೆ. ಹನ್ನೊಂದು ವರ್ಷ ಅಕ್ಕತಂಗಿಯರು ಮಾತಾಡಿರಲಿಲ್ಲ. ಗೆನಾ ಬ್ರೆಡ್ಡಿಗೆಂದು ಊರ ಆ ತುದಿಯ ಅಂಗಡಿಗೆ ನಡೆದುಹೋಗುತ್ತಿದ್ದಳು.

ಜಗಳ ಹುಟ್ಟಿದ್ದೂ ಒಂದು ಸಾವಿನ ಹಾಳೆಯಿಂದಲೇ. ಅವರಮ್ಮ ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ಸೆವ್ದಾ ಆಗ ಇಟಲಿಯಲ್ಲಿ ಯಾರದೋ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ದುಡ್ಡು ಕಳಿಸಿದಳು, ತಾನು ಬರಲಿಲ್ಲ. ಅಮ್ಮ ಸತ್ತ ದಿನ ಗೆನಾ ಹಾಳೆ ಮಾಡಲು ಕೂತಳು. ದುಃಖತಪ್ತರು ಎಂಬಲ್ಲಿ ತನ್ನ ಹೆಸರೊಂದನ್ನೇ ಹಾಕಿದಳು. ಮಣ್ಣು ಮಾಡಿದ ಮರುದಿನ ಬಸ್ಸಿಳಿದ ಸೆವ್ದಾ, ನಿಲ್ದಾಣದ ಗೋಡೆಯ ಮೇಲೆ ಅದನ್ನು ಓದಿದಳು. ಅಮ್ಮನಿಗೆ ಒಬ್ಬಳೇ ಮಗಳು ಎಂದು ಊರಿಗೆಲ್ಲ ಅಂಟಿಸಿದ ಹಾಗಾಗಿತ್ತು. ಅವಳು ಅಕ್ಕನ ಮನೆಗೆ ಹೋಗಲೇ ಇಲ್ಲ. ಗೆನಾ ಅವತ್ತಿನಿಂದ ಪಟ್ಟ ಸಂಕಟ ಎಷ್ಟೆಂದು ನನಗೆ ಗೊತ್ತು. ಆದರೆ ಕ್ಷಮಿಸು ಅಂತ ಹೋಗಿ ಕೇಳುವುದಕ್ಕೆ ಆ ಮನೆತನದಲ್ಲಿ ಯಾರ ನಾಲಿಗೆಯೂ ತಿರುಗುವುದಿಲ್ಲ.

ಈಗ ಪೋಸ್ಟರಿನ ವಿಷಯಕ್ಕೆ ಬರುತ್ತೇನೆ.

ಇವರಪ್ಪ ಪರ್ವಾನ್ ನಮ್ಮೂರ ಬಯಲು ಚಿತ್ರಮಂದಿರಕ್ಕೆ ಪೋಸ್ಟರ್ ಬರೆಯುತ್ತಿದ್ದವನು. ದೊಡ್ಡ ಪ್ಲೈವುಡ್ ಹಲಗೆ, ವಾರಕ್ಕೊಂದು ಸಿನಿಮಾ, ಸೋಮವಾರ ತೊಳೆದು ಅದರ ಮೇಲೇ ಹೊಸದು. ಹಾಗಾಗಿ ಅವನು ಬರೆದದ್ದು ಒಂದೂ ಉಳಿದಿಲ್ಲ. ೧೯೭೯ರಲ್ಲಿ ರಾಜಧಾನಿಯಿಂದ ಸಿನಿಮಾದವರು ಬಂದು ನಮ್ಮ ದೋಣಿಗಟ್ಟೆಯಲ್ಲಿ "ಜುಲೈ ದೋಣಿ" ಎಂಬ ಚಿತ್ರ ತೆಗೆದರು. ಗೆನಾಗೆ ಹತ್ತೊಂಬತ್ತು, ಸೆವ್ದಾಗೆ ಹದಿನಾರು. ಗಟ್ಟೆಯ ಮೇಲೆ ನಿಂತು ಕೈ ಬೀಸಿ ಎಂದರು, ಇಬ್ಬರೂ ಬೀಸಿದರು. ಅಷ್ಟೇ, ಒಂಬತ್ತು ಸೆಕೆಂಡು. ಚಿತ್ರ ಊರಿಗೆ ಬಂದಾಗ ಪರ್ವಾನ್ ನಾಯಕಿಯ ಮುಖ ಬರೆಯಲೇ ಇಲ್ಲ. ಹಲಗೆಯ ತುಂಬ ತನ್ನ ಇಬ್ಬರು ಹುಡುಗಿಯರನ್ನು ಬರೆದ, ಸುತ್ತ ಅವನ ಮೆಚ್ಚಿನ ಕಡುಗೆಂಪು ಅಂಚು ಎಳೆದ. "ಆ ನಾಯಕಿ ಯಾರೋ ನಂಗೇನ್ ಗೊತ್ತು, ನಮ್ಮನೆ ನಾಯಕಿಯರು ಇವರು," ಎಂದನಂತೆ. ಊರೆಲ್ಲ ನಕ್ಕಿತು. ಸೋಮವಾರ ಅದನ್ನೂ ತೊಳೆದ.

೨೦೨೪ರ ಬೇಸಿಗೆಯಲ್ಲಿ ಬಯಲು ಚಿತ್ರಮಂದಿರದ ಗೋಡೆಗೆ ಸುಣ್ಣ ಬಳಿಸಿದೆವು. ಮೊದಲ ಪ್ರದರ್ಶನಕ್ಕೆ ಅದೇ ಚಿತ್ರ ತರಿಸುವುದೆಂದಾಯಿತು. ನಾನು ಗೆನಾಳ ಅಂಗಡಿಗೆ ಹೋಗಿ, "ಹಳೇ ಕಾಲದ ತರಹ ಒಂದು ಪೋಸ್ಟರ್ ಮಾಡ್ಕೊಡೇ," ಎಂದೆ.

ಅವಳು, "ಅಪ್ಪಂದೇ ಮಾಡ್ತೀನಿ," ಎಂದಳು. ಮತ್ತೆ ಮೆಲ್ಲಗೆ, "ಅದನ್ನ ನೋಡಿದ್ರೆ ಸೆವ್ದಾ ಬರ್ತಾಳಾ ಸಿನಿಮಾಕ್ಕೆ? ನನ್ನ ಪಕ್ಕ ಕೂರೋದ್ ಬೇಡ. ಹಿಂದಿನ ಸಾಲಲ್ಲಿ ಕೂತ್ರೂ ಸಾಕು," ಎಂದಳು. ಅವಳಿಗೆ ಬೇಕಾದದ್ದು ಅದೊಂದೇ. ಪೋಸ್ಟರು ಬರೀ ನೆಪ.

ಮೂರು ವಾರ ದುಡಿದಳು. ಸಿನಿಮಾದವರು ಕೊಟ್ಟುಹೋಗಿದ್ದ ಒಂದು ಫೋಟೋ ಅವಳ ಹತ್ತಿರವಿತ್ತು, ಅಕ್ಕತಂಗಿಯರು ಗಟ್ಟೆಯ ಮೇಲೆ ನಿಂತದ್ದು, ಸೆವ್ದಾಳ ಬಲಗೈ ಗೆನಾಳ ಹೆಗಲ ಮೇಲೆ. ಅದನ್ನು ಸ್ಕ್ಯಾನ್ ಮಾಡಿ, ಬಣ್ಣಗಳನ್ನು ಕುಗ್ಗಿಸಿ ಕುಗ್ಗಿಸಿ ನಾಲ್ಕಕ್ಕೆ ತಂದಳು, ಕುಂಚದಲ್ಲಿ ಬರೆದ ಹಾಗೆ ಕಾಣಲಿ ಎಂದು. ಅಪ್ಪನ ಪ್ಲೈವುಡ್ ಹಲಗೆಯೊಂದು ಕೋಳಿಗೂಡಿನ ಬಾಗಿಲಾಗಿ ಉಳಿದಿತ್ತು. ಅದರ ಫೋಟೋ ತೆಗೆದು ಚಿತ್ರದ ಮೇಲೆ ತೆಳುವಾಗಿ ಹಾಸಿದಳು. ಮರದ ಗೆರೆ, ಬಿರುಕು ಎಲ್ಲ ಬಂತು. ಅಕ್ಷರಗಳನ್ನು ಕಂಪ್ಯೂಟರಿನದ್ದು ಇಟ್ಟುಕೊಳ್ಳಲಿಲ್ಲ. ಅಪ್ಪ ಬರೆಯುತ್ತಿದ್ದ ಹಾಗೆ ಕಾಲು ಉದ್ದ, ಹೊಟ್ಟೆ ಸಣ್ಣ, ಕಾಗದದ ಮೇಲೆ ಬರೆದು ಸ್ಕ್ಯಾನ್ ಮಾಡಿದಳು. ಆ ಕೆಂಪು ಅಂಚಿಗಂತೂ ನಾಲ್ಕು ದಿನ. "ಇದಲ್ಲ. ಇದು ಟೊಮೇಟೊ. ಅಪ್ಪಂದು ಒಣಗಿದ ಚೆರ್‍ರಿ ಕಣೇ," ಎನ್ನುವಳು. ನನಗೆ ಎರಡೂ ಒಂದೇ ಕಂಡವು. ಹಾಗೆಂದದ್ದಕ್ಕೆ ಬೈಸಿಕೊಂಡೆ.

ಆ ಸಾಫ್ಟ್‌ವೇರಿನಲ್ಲಿ ಪ್ರತಿಯೊಂದೂ ಬೇರೆ ಬೇರೆ ಲೇಯರಿನಲ್ಲಿರುತ್ತದೆ, ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಪ್ರತಿ ಲೇಯರಿನ ಪಕ್ಕ ಒಂದು ಪುಟ್ಟ ಕಣ್ಣಿನ ಗುರುತು. ಕಣ್ಣು ಮುಚ್ಚಿದರೆ ಆ ಲೇಯರ್ ಕಾಣುವುದಿಲ್ಲ, ಆದರೆ ಅಲ್ಲೇ ಇರುತ್ತದೆ. ಗೆನಾ ಒಂದು ಲೇಯರಿನಲ್ಲಿ, ಸೆವ್ದಾ ಇನ್ನೊಂದರಲ್ಲಿ. ತಂಗಿಯ ಹುಬ್ಬಿಗೆ ಒಂದು ಇಡೀ ಮಧ್ಯಾಹ್ನ ಕೂತಿದ್ದಳು.

ಕೊನೆಯ ದಿನ ನಾನು ಹೋದಾಗ ಪರದೆಯ ಮೇಲೆ ಸೆವ್ದಾ ಇರಲಿಲ್ಲ. ಗೆನಾ ಆ ಲೇಯರಿನ ಕಣ್ಣು ಮುಚ್ಚಿದ್ದಳು. ಎಡಕ್ಕೆ ಗೆನಾ ಒಬ್ಬಳೇ, ಬಲಕ್ಕೆ ಖಾಲಿ ಆಕಾಶ.

"ಏನೇ ಇದು? ಇಷ್ಟು ದಿನ ಮಾಡಿ!"

"ಕೇಳ್ದೆ ಗೋಡೆ ಮೇಲಿಂದ ತೆಗ್ದೆ. ಈಗ ಕೇಳ್ದೆ ಗೋಡೆ ಮೇಲೆ ಹಾಕೋಕೆ ನಂಗ್ಯಾವ ಹಕ್ಕಿದೆ?"

"ಹೋಗಿ ಕೇಳು ಮತ್ತೆ! ಮೂರು ಬೀದಿ, ಮೂರು ಸಮುದ್ರ ಅಲ್ಲ!"

ಅವಳು ಪರದೆ ನೋಡುತ್ತ ಕೂತಳು. ಗೆನಾಳ ಹೆಗಲ ಮೇಲೆ ಮಾತ್ರ, ಅವಳದೇ ಲೇಯರಿನಲ್ಲಿ, ತಂಗಿಯ ನಾಲ್ಕು ಬೆರಳು ಉಳಿದಿದ್ದವು. ಎಲ್ಲರ ಹೆಗಲಿನಿಂದ ಅಳಿಸುವವಳು ಅವನ್ನು ಅಳಿಸಿರಲಿಲ್ಲ. ನಾನು ನೋಡಿದೆ, ಆದರೂ ಬಾಗಿಲು ದೂಡಿಕೊಂಡು ಹೊರಟುಬಂದೆ. ನನಗೆ ಸಿಟ್ಟು ಬಂದಿತ್ತು.

ಮಂಗಳವಾರ ಬೆಳಗಿನ ಬಸ್ಸಿಗೆ ಅವಳು ಜಿಲ್ಲಾ ಪಟ್ಟಣದ ಮುದ್ರಣಾಲಯಕ್ಕೆ ಹೊರಟಳು. ಕೆಂಪು ಸರಿಯಾಗಿ ಬರುತ್ತದೋ ಇಲ್ಲವೋ ಕಣ್ಣಾರೆ ನೋಡಬೇಕಂತೆ. ಬಸ್ಸು ದಿನಕ್ಕೆ ಒಂದೇ. ವಾಪಸು ಬರುವುದು ಬುಧವಾರ ಮಧ್ಯಾಹ್ನ. ಅಂಗಡಿಗೆ ಬೀಗ, ಮನೆಯ ಕಿಟಕಿಗಳಿಗೆ ಅಗಳಿ. ಫೋನು ಎಂದಿನಂತೆ ಅಂಗಡಿಯ ಡ್ರಾಯರಿನಲ್ಲಿ. ಹೋಗುವ ವಿಷಯ ನನಗೊಬ್ಬಳಿಗೇ ಹೇಳಿದ್ದಳು, ಹೇಳಲು ಇನ್ನಾರಿದ್ದರು?

ನನಗೆ ಮೊದಲಿನಿಂದಲೂ ತಡೆದುಕೊಳ್ಳುವ ಗುಣವಿಲ್ಲ. ಶನಿವಾರ ಪ್ರದರ್ಶನ, ಊರಿನಲ್ಲಿ ಒಂದು ಕಾಗದವಿಲ್ಲ. ಅವಳು ನನಗೆ ಕಳಿಸಿದ್ದ, ಅವಳೊಬ್ಬಳೇ ಇರುವ ಪ್ರತಿಯನ್ನು ವಾಚನಾಲಯದ ಪ್ರಿಂಟರಿನಲ್ಲಿ ಮೂವತ್ತು ತೆಗೆದೆ. ಬಣ್ಣದ ಶಾಯಿ ಫೆಬ್ರವರಿಯಲ್ಲೇ ಮುಗಿದಿತ್ತು. ಕಪ್ಪಾದರೇನು, ಹಳೇ ಸಿನಿಮಾ ತಾನೆ ಎಂದುಕೊಂಡೆ. ಹಿಟ್ಟಿನ ಅಂಟು ಹಿಡಿದು ಹೊರಟು ಜನ ಎಲ್ಲಿ ನಿಂತು ನೋಡುತ್ತಾರೋ ಅಲ್ಲೆಲ್ಲ ಅಂಟಿಸಿದೆ: ಬಸ್ ನಿಲ್ದಾಣ, ಕರೆಂಟ್ ಕಂಬ, ಬೇಕರಿ ಎದುರಿನ ಹಲಗೆ. ಒಂದನ್ನು ಅವಳ ಗೇಟಿಗೂ ಅಂಟಿಸಿದೆ, ಬಂದಾಗ ನೋಡಿ ಖುಷಿಪಡಲಿ ಎಂದು. ನನ್ನ ಬುದ್ಧಿಗೆ ಮಣ್ಣು ಹಾಕ.

ಬುಧವಾರ ಹನ್ನೊಂದು ಗಂಟೆಗೆ ವಾಚನಾಲಯದ ಮೆಟ್ಟಿಲ ಮೇಲೆ ಕೋಸ್ಯೋ ಮಾವ ಟೋಪಿ ತೆಗೆದು ನಿಂತಿದ್ದ. ಎಂಬತ್ತೆರಡರ ಮುದುಕ, ಬೆಂಚಿನ ಯಜಮಾನ. ಕೈಯಲ್ಲಿ ಎರಡು ಬಿಳಿ ಕಾರ್ನೇಷನ್ ಹೂವು.

"ಮಣ್ಣು ಯಾವಾಗಮ್ಮ? ಹಾಳೆ ಮೇಲೆ ಹೊತ್ತು ಬರ್ದಿಲ್ಲ."

"ಯಾರ್ ಮಣ್ಣು?"

"ಗೆನಾದು. ಪಾಪ, ತನ್ ಹಾಳೆ ತಾನೇ ಮಾಡಿಟ್ಟಿದ್ಲೇನೋ. ಯಾರಿದ್ರು ಮಾಡೋಕೆ? ಆದ್ರೂ ನೋಡು, ಹುಟ್ಟಿದ್ದು ಎಪ್ಪತ್ತೊಂಬತ್ತು ಅಂತ ಹಾಕ್ಕೊಂಡಿದ್ದಾಳೆ. ಸತ್ ಮೇಲೂ ಇಪ್ಪತ್ ವರ್ಷ ಕಡ್ಮೆ ಮಾಡ್ಕೊಂಡ್ಳಲ್ಲ, ಹೆಂಗಸ್ರು ಹೆಂಗಸ್ರೇ!"

ಓಡಿಹೋಗಿ ಮೊದಲ ಕಂಬ ನೋಡಿದೆ. ಚೆರ್‍ರಿ ಕೆಂಪಿನ ಅಂಚು ನನ್ನ ಪ್ರಿಂಟರಿನಲ್ಲಿ ಕಡುಕಪ್ಪಾಗಿತ್ತು. ನಡುವೆ ಗೆನಾಳ ಮುಖ. ನಮ್ಮೂರ ಹೆಂಗಸರೆಲ್ಲ ಹಾಳೆಗೆ ಹರೆಯದ ಫೋಟೋ ಕೊಡುವವರೇ, ಅದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ. ಕೆಳಗೆ ೧೯೭೯–೨೦೨೪, ಚಿತ್ರ ತೆಗೆದ ವರ್ಷ ಮತ್ತು ಈಗ ತೋರಿಸುವ ವರ್ಷ. ಸಿನಿಮಾದ ಹೆಸರನ್ನು ಓದುವವರಾರು? ಗೋಡೆ ಮೇಲೆ ನಾವು ಅಂಚು, ಮುಖ, ಇಸವಿ ನೋಡುತ್ತೇವೆ, ಶಿಲುಬೆಯ ಗುರುತು ಹಾಕಿಕೊಳ್ಳುತ್ತೇವೆ, ಮುಂದೆ ಹೋಗುತ್ತೇವೆ. ಅಂಗಡಿ ಮುಚ್ಚಿದೆ, ಮನೆ ಮುಚ್ಚಿದೆ, ಫೋನು ಎತ್ತುವವರಿಲ್ಲ. ಇನ್ನೇನು ಬೇಕು?

"ಸತ್ತಿಲ್ಲ ಮಾವ! ಪಟ್ಟಣಕ್ಕೆ ಹೋಗಿದ್ದಾಳೆ!"

"ಹಂಗಾದ್ರೆ ಈ ಹೂವು?" ಎಂದ ಮುದುಕ, ತುಸು ನಿರಾಸೆಯಿಂದಲೇ. ನಮ್ಮಲ್ಲಿ ಸತ್ತವರಿಗೆ ಸಮ ಸಂಖ್ಯೆಯ ಹೂವು, ಬದುಕಿರುವವರಿಗೆ ಬೆಸ. ಎಳೆಗೂಸಿಗೂ ಗೊತ್ತಿರುವ ವಿಷಯ. ಎರಡು ಹೂವು ಹಿಡಿದು ಅವನು ಇನ್ನು ಯಾರ ಮನೆಗೂ ಹೋಗುವಂತಿರಲಿಲ್ಲ.

ಸಿಕ್ಕಸಿಕ್ಕ ಕಂಬಗಳಿಂದ ಹಾಳೆ ಕೀಳುತ್ತ ಗೆನಾಳ ಮನೆಯ ಕಡೆ ಓಡಿದೆ. ಗೇಟಿನ ಬುಡದಲ್ಲಿ ಹೂವು, ಮೇಣದ ಬತ್ತಿ, ಸತ್ತವರ ಹೆಸರಿನಲ್ಲಿ ಹಂಚುವ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯ ಬಟ್ಟಲುಗಳು. ಬದುಕಿದ್ದಾಗ ಒಂದು ತುಂಡು ಬ್ರೆಡ್ಡು ಹಿಡಿದು ಬಾರದವರು ಸಾಲಾಗಿ ಇಟ್ಟುಹೋಗಿದ್ದರು. ನನಗೆ ಅಳುವೂ ಬಂತು, ಒದೆಯಬೇಕೆಂಬ ಸಿಟ್ಟೂ ಬಂತು. ಆಗ ನೋಡಿದೆ, ಗೇಟಿನ ಪಕ್ಕದ ಕಲ್ಲಿನ ಮೇಲೆ ಸೆವ್ದಾ ಕೂತಿದ್ದಳು. ಬೇಕರಿಯ ಏಪ್ರನ್ ಬಿಚ್ಚಿರಲಿಲ್ಲ. ತೊಡೆಯ ಮೇಲೆ ನಾಲ್ಕು ಕೆಂಪು ಕಾರ್ನೇಷನ್.

ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅವಳು ಕೈಯೆತ್ತಿ ತಡೆದಳು.

"ಏನೂ ಹೇಳ್ಬೇಡ ಡೋಬ್ರಿನಾ. ಸಮಾಧಾನ ಗಿಮಾಧಾನ ಬೇಡ ನಂಗೆ. ಬೆಳಿಗ್ಗೆ ಕಿಟಕಿ ತೆಗ್ದೆ, ಎದುರು ಹಲಗೆ ಮೇಲೆ ಇವಳು. ದುಃಖತಪ್ತರು ಅಂತ ಕೆಳಗೆ ಯಾರ ಹೆಸ್ರೂ ಇಲ್ಲ. ಒಂದೇ ಒಂದು ಹೆಸರಿಲ್ಲ! ಯಾರೂ ಇಲ್ದೆ ಹೋದ್ಳಾ ನಮ್ಮಕ್ಕ?" ಅವಳು ಗೇಟಿನ ಮೇಲಿನ ಹಾಳೆಯ ಕಡೆ ಕೈ ತೋರಿದಳು. "ಸಾಯ್ಲಿ ಅಂತ ಮುಖ ತಿರುಗಿಸ್ಕೊಳೋಣ ಅಂದ್ಕೊಂಡೆ. ಆಮೇಲೆ ಹೆಗಲು ನೋಡ್ದೆ. ಈ ಬೆರಳು ನಂದು ಕಣೇ. ಕಿರುಬೆರಳು ಸೊಟ್ಟ ಇದೆ ನೋಡು, ಬಾವಿ ರಾಟೆಗೆ ಸಿಕ್ಕಿದ್ದು. ಊರೋರ ಕೈಯೆಲ್ಲ ಅಳಿಸ್ತಾಳೆ ಅವಳು, ನಂಗೊತ್ತಿಲ್ವಾ? ನಂದು ಬಿಟ್ಟಿದ್ದಾಳೆ. ಸಾಯೋವಾಗ ನನ್ನ ಕೈ ಇಟ್ಕೊಂಡು ಹೋಗಿದ್ದಾಳೆ. ಮೂರು ಬೀದಿ ಡೋಬ್ರಿನಾ! ಹನ್ನೊಂದು ವರ್ಷ ನಾನು ಮೂರು ಬೀದಿ ನಡೀಲಿಲ್ಲ."

ಅವಳು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬಸ್ಸು ಬರಲು ಇನ್ನು ಕಾಲು ಗಂಟೆ ಇತ್ತು. ಅಕ್ಕ ಬದುಕಿದ್ದಾಳೆ ಎಂದರೆ ಇವಳು ಕಣ್ಣೊರೆಸಿಕೊಂಡು ಎದ್ದು ಹೋಗಿಯೇಬಿಡುತ್ತಾಳೆ, ಆ ಮನೆತನ ನನಗೆ ಗೊತ್ತು. ನಾನು ಹೇಳಲಿಲ್ಲ. ಅವಳ ಪಕ್ಕ ಕೂತು ಬೆನ್ನು ಸವರಿದೆ. ಪಾಪವೋ ಪುಣ್ಯವೋ, ಹೊತ್ತುಕೊಳ್ಳುವವಳು ನಾನೇ.

ಗೆನಾ ಬೀದಿಯ ತಿರುವಿನಲ್ಲಿ ಕಂಡಳು. ಕಂಕುಳಲ್ಲಿ ಉದ್ದನೆಯ ರಟ್ಟಿನ ಕೊಳವೆ. ಗೇಟಿನ ಮುಂದಿನ ಹೂವಿನ ರಾಶಿ, ತನ್ನ ಮುಖ, ಕಪ್ಪು ಅಂಚು ಎಲ್ಲ ನೋಡಿದಳು. ಆ ಕಸುಬಿನವಳು, ಅವಳಿಗೆ ವಿವರಿಸಬೇಕಾಗಿರಲಿಲ್ಲ. ನನ್ನನ್ನು ಸುಡುವ ಹಾಗೆ ನೋಡಿದಳು. ಆಮೇಲೆ ತಂಗಿಯನ್ನು ನೋಡಿ ನಿಂತಲ್ಲೇ ನಿಂತಳು.

ಸೆವ್ದಾ ಬಿಳಿಚಿಕೊಂಡು ಎದ್ದಳು. ಮೂರು ಸಲ ಶಿಲುಬೆಯ ಗುರುತು ಹಾಕಿಕೊಂಡಳು.

"ಬದ್ಕಿದ್ದೀಯಾ? ಬದ್ಕಿದ್ದೀಯಲ್ಲೇ! ನಾಚ್ಕೆ ಆಗಲ್ವಾ ನಿಂಗೆ? ಒಂದು ಒಲೆ ಬ್ರೆಡ್ಡು ಸೀದು ಹೋಯ್ತು ನಿನ್ನಿಂದ!"

"ನಾನೇನ್ ಮಾಡ್ದೆ? ಬಸ್ಸಿಂದ ಇಳ್ದೆ ಅಷ್ಟೇ," ಎಂದಳು ಗೆನಾ. "ನೀನು ಬಂದ್ಯಾ?"

"ಬರ್ದೆ? ನಿನ್ನ ಹಾಳೇಲಿ ಒಂದು ಹೆಸರಿಲ್ಲ, ಬರ್ದೆ ಏನ್ ಮಾಡ್ಲಿ?"

"ಅವತ್ತು ಅಮ್ಮನ ಹಾಳೇಲಿ..." ಎಂದು ಗೆನಾ ಶುರುಮಾಡಿದಳು. "ತಪ್ಪಾಯ್ತು ಸೆವ್ದಾ. ಅವತ್ತೇ ತಪ್ಪಾಯ್ತು," ಎಂದಳು. ಕಂಕುಳಿನ ಕೊಳವೆ ಜಾರಿತು. ನಾನು ಹಿಡಿದುಕೊಂಡೆ, ಮುಚ್ಚಳ ತೆಗೆದು ಪೋಸ್ಟರ್ ಬಿಚ್ಚಿದೆ. ಒಣಗಿದ ಚೆರ್‍ರಿಯ ಅಂಚು. ಅದರೊಳಗೆ ಇಬ್ಬರು ಹುಡುಗಿಯರು, ಇಬ್ಬರೂ ಕೈ ಬೀಸುತ್ತ.

"ಮುದ್ರಣಾಲಯದ ಹುಡುಗಿ ಕೇಳಿದ್ಳು, ಈ ಕಡೆ ಯಾಕಮ್ಮ ಖಾಲಿ ಬಿಟ್ಟಿದ್ದೀರಿ ಅಂತ," ಎಂದಳು ಗೆನಾ. "ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ನಿನ್ನ ಲೇಯರಿನ ಕಣ್ಣು ತೆರೆದ್ಬಿಟ್ಟೆ. ನಿನ್ನ ಕೇಳಿಲ್ಲ. ಬೇಡ ಅಂದ್ರೆ ತೆಗೀತೀನಿ."

ಸೆವ್ದಾ ಏಪ್ರನ್ನಿಗೆ ಮೂಗು ಒರೆಸಿಕೊಂಡು ಹತ್ತಿರ ಬಂದು ಬಗ್ಗಿ ನೋಡಿದಳು. "ನನ್ನ ಮೂಗು ಇಷ್ಟು ದಪ್ಪ ಇತ್ತಾ?"

"ಇತ್ತು. ಅಪ್ಪ ಇನ್ನೂ ದಪ್ಪ ಬರೆದಿದ್ರು."

ಸೆವ್ದಾ ಕೈಯಲ್ಲಿದ್ದ ಹೂವನ್ನು ಮುಂದೆ ಚಾಚಿದವಳು, ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಎಣಿಸಿದಳು. ನಾಲ್ಕು. ಒಂದನ್ನು ಹೊರಗೆಳೆದು ತನ್ನ ಏಪ್ರನ್ನಿನ ಜೇಬಿಗೆ ಸಿಕ್ಕಿಸಿಕೊಂಡಳು. ಉಳಿದ ಮೂರನ್ನು ಅಕ್ಕನಿಗೆ ಕೊಟ್ಟಳು.